ಹರಳೆಣ್ಣೆ ಹಚ್ಚಿಸಿಕೊಂಡ ರ‍್ಯಾಂಪು

ಹಾರನಹಳ್ಳಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಡಗಿ ಉಮಾಶಂಕರ ಮನೆ ಮುಂದಿನ ತಗಡಿನ ಚಪ್ಪರದಡಿ ಮಂಡಿಯೂರಿ, ಉದ್ದನೆಯ ಹಲಗೆಯೊಂದನ್ನು ಥಿನ್ನರ್ ಬಟ್ಟೆಯಿಂದ ಉಜ್ಜುತ್ತಿದ್ದಾರೆ. ಉಜ್ಜಿ, ಬೆರಳಿಟ್ಟು ನೋಡುತ್ತಾರೆ, ಬೆರಳು ಜಾರುತ್ತದೆ. ಮತ್ತೆ ಉಜ್ಜುತ್ತಾರೆ. ಹತ್ತು ಗಂಟೆಗೆ ಹುಣಸೂರಿನ ಶಾಲೆಯೊಂದರಲ್ಲಿ ರೋಬೊ ಸ್ಪರ್ಧೆ. ಸುತ್ತಲಿನ ನಾಲ್ಕು ತಾಲ್ಲೂಕಿನ ಮಕ್ಕಳು ತಾವೇ ಜೋಡಿಸಿದ ಪುಟ್ಟ ಗಾಲಿಯಂತ್ರಗಳನ್ನು ಹತ್ತಿಸಬೇಕಾದ ರ‍್ಯಾಂಪು ಇದೇ. ಅದರ ಮೈತುಂಬ ಈಗ ಹರಳೆಣ್ಣೆ.

ಹಚ್ಚಿದವರು ಹಗೆಗಳೇನಲ್ಲ, ಹೆತ್ತ ತಾಯಿ ಬಸವಮ್ಮ. ಕೋಳಿ ಕೂಗುವ ಹೊತ್ತಿಗೆ ಎದ್ದು, ಮಗ ಮಲಗಿದ್ದಾಗಲೇ ಎಣ್ಣೆ ಸವರಿ, ಅರಿಶಿನ ಕುಂಕುಮ ಇಟ್ಟು, ರ‍್ಯಾಂಪಿನ ನೆತ್ತಿಯ ಮೇಲೆ ಕಾಯಿಯನ್ನೂ ಒಡೆದಿದ್ದಾರೆ.

“ಅವ್ವ, ಇದೇನ್ ಮಾಡ್ಬುಟ್ಟೆ?”

“ಒಸಾ ಗಾಡಿಗೆ ಎಣ್ಣೆ ಸವರ್ದೆ ನಿಮ್ಮಪ್ಪ ಎತ್ತು ಕಟ್ತಿದ್ನೇನ್ಲಾ? ಇದೂ ಮರದ್ದೇ ಅಲ್ವಾ?”

ಉಮಾಶಂಕರ ಬಟ್ಟೆಗೆ ಇನ್ನಷ್ಟು ಥಿನ್ನರ್ ಸುರಿದುಕೊಳ್ಳುತ್ತಾರೆ. ಎತ್ತಿನಗಾಡಿ ಮಾಡುತ್ತಿದ್ದವರ ಮನೆ ಇದು. ಟ್ರ್ಯಾಕ್ಟರ್ ಬಂದು ಗಾಡಿ ಮೂಲೆ ಸೇರಿದ ಮೇಲೆ ಮಗ ಬಾಗಿಲು, ಕಿಟಕಿ, ಮಂಚಕ್ಕೆ ಇಳಿದರು. ನಾಲ್ಕು ವರ್ಷದ ಹಿಂದೆ ವಿಜ್ಞಾನದ ಮೇಷ್ಟ್ರಮ್ಮ ಮೀನಾ ಬಂದು, ರೋಬೊಗಳು ಹತ್ತುವಂಥ ಏರು ಬೇಕು ಎಂದರು. “ಮೊದಲ್ನೇದುಕ್ಕೆ ಒಳ್ಳೆ ಪಾಲಿಶ್ ಒಡ್ದಿದ್ದೆ ಕಣ್ರೀ. ಮದ್ವೆ ಮಂಚದಂಗೆ ಒಳೀತಿತ್ತು. ಒಂದ್ ಗಾಲೀನೂ ಅತ್ನಿಲ್ಲ” ಎಂದು ಉಮಾಶಂಕರ ತಮ್ಮನ್ನೇ ಆಡಿಕೊಳ್ಳುತ್ತಾರೆ. ಅಂದಿನಿಂದ ಗಾಲಿಗೆ ಹಿಡಿತ ಸಿಗಲೆಂದು ಬಣ್ಣಕ್ಕೆ ಜರಡಿ ಹಿಡಿದ ಮರಳು ಬೆರೆಸುತ್ತಾರೆ. ಈವರೆಗೆ ಹನ್ನೊಂದು ರ‍್ಯಾಂಪು ಮಾಡಿದ್ದಾರೆ, ಒಂದೊಂದಕ್ಕೂ ಮೂರ್ನಾಲ್ಕು ದಿನ ಹಿಡಿಯುತ್ತದೆ.

ಮಗ ಮಾಡಿದ ಪ್ರತಿ ಬಾಗಿಲಿಗೂ ಬಸವಮ್ಮ ಕುಂಕುಮ ಇಟ್ಟು ಕಳಿಸಿದವರು. ರ‍್ಯಾಂಪು ಕಂಡರೆ ಮಾತ್ರ, “ಆಟದ ಸಾಮಾನ್ಗೆ ಮರ ದಂಡ” ಎಂದು ಮೂತಿ ತಿರುಗಿಸುತ್ತಿದ್ದರು. ಮೊನ್ನೆ ಮೀನಾ ಮನೆಗೇ ಬಂದು, “ನಿಮ್ಮ ಮಗ ಇಲ್ಲದಿದ್ದರೆ ನಮ್ಮ ಸ್ಪರ್ಧೆಯೇ ಇಲ್ಲ ಅಜ್ಜಿ” ಎಂದರಂತೆ. ಅದರ ಫಲವೇ ಈ ಹರಳೆಣ್ಣೆ. ಬೈಯುವುದಾದರೂ ಹೇಗೆ?

ಬೈಯದಿದ್ದರೂ ಕಣ್ಣು ಗಡಿಯಾರದ ಮೇಲೇ ಇದೆ. ಹೋದ ವರ್ಷ ಕೆ.ಆರ್. ನಗರದ ಕಡೆ, ಹೊಸ ಅಗ್ರಹಾರದಲ್ಲಿ ನಡೆದ ಸ್ಪರ್ಧೆಯಲ್ಲಿ ಎಚ್.ಡಿ. ಕೋಟೆಯ ಹುಡುಗಿ ಅನುವಿನ ರೋಬೊ ಇವರ ರ‍್ಯಾಂಪಿನ ತುದಿಯವರೆಗೆ ಹತ್ತಿ, ಚೂಪಾದ ಅಂಚಿಗೆ ಹೊಟ್ಟೆ ಸಿಕ್ಕಿಸಿಕೊಂಡಿತು. ಗಾಲಿಗಳು ಗಾಳಿಯಲ್ಲಿ ತಿರುಗಿದವು. ಹುಡುಗಿ ಅತ್ತಳು. ಈ ಸಲ ಆ ಅಂಚನ್ನು ಅರ ಹಿಡಿದು ದುಂಡಗೆ ಮಾಡಿದ್ದಾರೆ. ಅನು ಈಗ ಹತ್ತನೇ ತರಗತಿ, ಅವಳಿಗೆ ಇದೇ ಕೊನೆಯ ಅವಕಾಶ. “ಸೋತ್ರೆ ಅವಳ್ ತಪ್ಪಿಗೆ ಸೋಲ್ಬೇಕು. ನನ್ ತಪ್ಪಿಗೆ ಇನ್ನೊಂದ್ ದಪ ಸೋಲ್ಬಾರ್ದು” ಎನ್ನುತ್ತಾರೆ ಉಮಾಶಂಕರ.

ಕೊನೆಗೆ ತಾಯಿಗೆ ಇದ್ದದ್ದನ್ನು ಹೇಳುತ್ತಾರೆ: ಎಣ್ಣೆ ಇದ್ದರೆ ಗಾಲಿ ಜಾರುತ್ತದೆ, ಎಲ್ಲವನ್ನೂ ತೆಗೆದು ಹೊಸ ಬಣ್ಣ ಬಳಿಯಬೇಕು. ಬಸವಮ್ಮನ ಮುಖ ಸಪ್ಪಗಾಗುತ್ತದೆ. ಕುಂಕುಮ ಬಟ್ಟೆಗೆ ಅಂಟಿ ಬರುವುದನ್ನು ಜಗಲಿಯ ಮೇಲೆ ಕೂತು ನೋಡುತ್ತಾರೆ. ಹೊಸ ಬಣ್ಣ ಬಿದ್ದಾಗ ಏಳು ಗಂಟೆ ದಾಟಿದೆ, ಮೋಡ ಬೇರೆ ಕವಿದಿದೆ. ಬಿಸಿಲಿಗಾಗಿ ಮೇಲೆ ನೋಡುತ್ತಾ ನಿಂತ ಮಗನನ್ನು ಕಂಡು ಅವರಿಗೆ ತಡೆಯಲಾಗುವುದಿಲ್ಲ.

“ಬಿಸ್ಲು ಬರೋಗಂಟ ಕಾಯ್ತೀಯೇನ್ಲಾ? ತಿಮ್ಮಯ್ಯನ ಬ್ಯಾರನ್ ಒಲೆ ಉರೀತಾ ಐತೆ. ಒತ್ಕ ನಡಿ.”

ತಿಮ್ಮಯ್ಯ ಪಕ್ಕದ ಮನೆಯ ರೈತ. ಅವರ ಬ್ಯಾರನ್‌ನಲ್ಲಿ, ಅಂದರೆ ಹೊಗೆಸೊಪ್ಪು ಹದ ಮಾಡುವ ಬಿಸಿಮನೆಯಲ್ಲಿ, ಸೊಪ್ಪು ಬೇಯುತ್ತಿದೆ, ಬಾಗಿಲು ತೆಗೆದರೆ ಸೊಪ್ಪು ಕೆಡುತ್ತದೆ. ಹಾಗಾಗಿ ಹೊರಗೆ, ಒಲೆಯ ಗೋಡೆಗೆ ಹಲಗೆ ನಿಲ್ಲಿಸುತ್ತಾರೆ. ಹತ್ತಿರವಾದರೆ ಹಲಗೆ ಬಾಗುತ್ತದೆ, ದೂರವಾದರೆ ಬಣ್ಣ ಒಣಗದು. ಬಸವಮ್ಮ ಹಲಗೆಯ ಬೆನ್ನಿಗೆ ಅಂಗೈ ಇಟ್ಟು ಕಾಯುತ್ತಾರೆ. “ಸರ್ಸು. ಇನ್ನೂ ವಸಿ ಸರ್ಸು. ಸೊಟ್ಟಗಾದ್ರೆ ನಾಕ್ ಜನ ನಗ್ತಾರೆ.”

ಒಂಬತ್ತೂವರೆಗೆ ಗೂಡ್ಸ್ ಆಟೊ ಹುಣಸೂರು ಮುಟ್ಟುತ್ತದೆ. ಬಸವಮ್ಮನೂ ಹಲಗೆಯ ಪಕ್ಕದಲ್ಲೇ ಕೂತು ಬಂದಿದ್ದಾರೆ. ಮೊದಲ ರೋಬೊ ಅರ್ಧ ಏರಿ ಸರ್ರನೆ ಜಾರುತ್ತದೆ. ಎಣ್ಣೆ ಉಳಿದಿದೆಯೇ? ಉಮಾಶಂಕರ ಓಡಿಹೋಗಿ ಮುಟ್ಟುತ್ತಾರೆ, ಹಲಗೆ ಒರಟಾಗಿಯೇ ಇದೆ. ಆ ರೋಬೊದ ಗಾಲಿಗಳು ಬರೀ ಪ್ಲಾಸ್ಟಿಕ್ಕು, ಅದಕ್ಕೇ ಜಾರಿದ್ದು. ಎರಡನೆಯದು ಹತ್ತುತ್ತದೆ, ಮೂರನೆಯದೂ ಹತ್ತುತ್ತದೆ.

ನಾಲ್ಕನೆಯದು ಅನುವಿನದು. ನಡುವೆ ಒಮ್ಮೆ ನಿಂತೇಬಿಡುತ್ತದೆ. ಅನು ಕೈ ಹಿಂದೆ ಕಟ್ಟಿಕೊಂಡು ತುಟಿ ಕಚ್ಚಿದ್ದಾಳೆ, ಮುಟ್ಟಿದರೆ ಆಟ ಮುಗಿಯಿತು. ಗಾಲಿ ಮರಳನ್ನು ಕಚ್ಚಿ ಮೆಲ್ಲಗೆ ಮುಂದಾಗಿ, ದುಂಡಗಿನ ಅಂಚನ್ನು ದಾಟಿ ಆಚೆ ಇಳಿಯುತ್ತದೆ. ಮುಂದಿನ ತಿರುವಿನಲ್ಲಿ ಅದು ದಾರಿ ತಪ್ಪಿ ಬಹುಮಾನ ಕೈತಪ್ಪಿತು, ಆ ಮಾತು ಬೇರೆ. ಅನು ನಗುತ್ತಲೇ ತನ್ನ ರೋಬೊ ಎತ್ತಿಕೊಂಡು ಹೋಗುತ್ತಾಳೆ. ಉಮಾಶಂಕರ ಗೋಡೆಗೊರಗಿ ಕೂತುಬಿಡುತ್ತಾರೆ.

ಬಸವಮ್ಮ ಅಷ್ಟರಲ್ಲಿ ಮಕ್ಕಳ ನಡುವೆ ನಿಂತು, ರ‍್ಯಾಂಪು ಮಾಡಿದ್ದು ತನ್ನ ಮಗ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಾರೆ. ಮಗ ದೂರದಿಂದಲೇ ಅವರನ್ನು ನೋಡುತ್ತಾರೆ.

“ರ‍್ಯಾಂಪ್ ಮಾಡೋದೂ ಕೆಲ್ಸ ಅಂತ ಅವ್ವಂಗೆ ಅನ್ಸಿದ್ದು ಇದೇ ಮೊದ್ಲು ಕಣ್ರೀ. ಆ ಕುಂಕುಮಾನ ನಾನೇ ಉಜ್ಜಿ ತೆಗೀಬೇಕಾಯ್ತು. ಮುಂದಿನ್ ರ‍್ಯಾಂಪ್ಗೂ ಅವ್ವ ತಾನಾಗೇ ಬಂದು ಇಡ್ಬೇಕು, ಅಷ್ಟೇ ಆಸೆ. ಅಲ್ಗೆ ಇಂದ್ಗಡೆ ಇಡು ಅಂತ ಏಳಿದ್ದೀನಿ.”