ತಮ್ಮನಿಗೆ ಕೊಟ್ಟ ಎಲೆಅಡಿಕೆ

ತಮ್ಮನ ಮುಖ ದುಂಡಗಾಗುತ್ತಿರುವುದನ್ನು ಅವನ ಹೆಂಡತಿಗಿಂತ ಮೊದಲು ಗಮನಿಸಿದವನು ನಾನು. ಹೊಟ್ಟೆಕಿಚ್ಚಿನವನ ಕಣ್ಣಿಗೆ ಅಂಥದ್ದು ಬೇಗ ಕಾಣುತ್ತದೆ.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿ, ನಂಜನಗೂಡಿನ ಕಾರ್ಖಾನೆಯೊಂದರ ಗೇಟಿನಲ್ಲಿ ಹಾಜರಿ ಬರೆಯುತ್ತಲೇ ನಿವೃತ್ತನಾದವನು. ಅವನು ಅರ್ಧಕ್ಕೇ ಶಾಲೆ ಬಿಟ್ಟು ತಿ. ನರಸೀಪುರದಲ್ಲಿ ಪೈಪು, ಮೋಟರಿನ ಅಂಗಡಿ ಇಟ್ಟ. ಕೆಂಪಗೆ ಉಬ್ಬಿದ ಕೆನ್ನೆ, ಮುಂದೆ ಬಂದ ಹೊಟ್ಟೆ ನೋಡಿ, ಇವನಿಗೆ ಸುಖ ಮೈಗೆ ಹತ್ತಿದೆ ಎಂದುಕೊಂಡೆ. ಒಂದು ಮದುವೆಯಲ್ಲಿ ಬೀಗರು ನನ್ನನ್ನು ಬಿಟ್ಟು ಅವನನ್ನು ಮೊದಲ ಸಾಲಿಗೆ ಕರೆದು ಕೂರಿಸಿದರು. ಅಂದಿನಿಂದ ಅವನಿಗೆ ಎಲೆಅಡಿಕೆ ಕೊಡುವುದನ್ನು ನಿಲ್ಲಿಸಿದೆ. ಊಟವಾದ ಮೇಲೆ ಅಣ್ಣನಾದವನು ಎಲೆಗೆ ಸುಣ್ಣ ಸವರಿ, ಮಡಿಸಿ ತಮ್ಮನ ಕೈಗೆ ಕೊಡುವುದು ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ನಡೆದುಬಂದದ್ದು. ನಾನು ಎಲೆಯ ತಟ್ಟೆಯನ್ನು ನೆಲಕ್ಕಿಟ್ಟು ಎದ್ದುಹೋಗುತ್ತಿದ್ದೆ. ಅವನು ತಾನೇ ಒಂದೆಲೆ ಮಡಿಸಿಕೊಳ್ಳುತ್ತಿದ್ದ.

ಆಮೇಲೆ ಅವನಿಗೆ ಮೆಟ್ಟಿಲು ಹತ್ತಲಾಗದಷ್ಟು ಸುಸ್ತು ಶುರುವಾಯಿತು. ಮೈಯಲ್ಲಿ ಒಂದು ಹಾರ್ಮೋನು ಹೆಚ್ಚಾಗಿರುವ ಅನುಮಾನ ಮೈಸೂರಿನ ಡಾಕ್ಟರಿಗೆ ಬಂತು. ಆರೋಗ್ಯವಂತರಲ್ಲಿ ಅದು ಮಲಗುವ ಹೊತ್ತಿಗೆ ಇಳಿಯುತ್ತದಂತೆ. ಇಳಿದಿದೆಯೋ ಇಲ್ಲವೋ ಆ ಹೊತ್ತಿನ ಜೊಲ್ಲು ಹೇಳುತ್ತದಂತೆ. ಅದನ್ನು ಬೆಳಿಗ್ಗೆ ನಂಜನಗೂಡಿನ ಲ್ಯಾಬಿಗೆ ಕೊಡಬೇಕಿದ್ದರಿಂದ ತಮ್ಮ ನಮ್ಮ ಮನೆಯಲ್ಲೇ ಉಳಿದ.

ಹತ್ತಿಯ ಸುರುಳಿ ಇದ್ದ ಸಣ್ಣ ಟ್ಯೂಬನ್ನು ಲ್ಯಾಬಿನ ಹುಡುಗಿ ನನ್ನ ಕೈಗೆ ಕೊಟ್ಟಳು. ಊಟವಾದ ಮೇಲೆ ಬಾಯಿ ತೊಳೆದು ಸುಮ್ಮನಿರಬೇಕು, ಎಲೆಅಡಿಕೆ ಮುಟ್ಟಲೇಬಾರದು, ಮಲಗುವ ಮುಂಚೆ ಹತ್ತಿಯನ್ನು ಬಾಯಲ್ಲಿ ನೆನೆಸಿ ಟ್ಯೂಬಿಗೆ ಹಾಕಬೇಕು ಎಂದಳು. ತಮ್ಮ ಹೊರಗೆ ಫೋನಿನಲ್ಲಿದ್ದ. ಏನಂದಳು ಎಂದು ಅವನು ಕೇಳಿದಾಗ ಹತ್ತಿಯ ವಿಷಯವನ್ನಷ್ಟೇ ಹೇಳಿದೆ.

ಅಂದು ನನ್ನ ಹೆಂಡತಿ ಮೈದುನನಿಗೆಂದು ಬಸ್ಸಾರು ಮಾಡಿ, ಅವನ ಮುದ್ದೆಗೆ ತುಪ್ಪದ ಮೇಲೆ ತುಪ್ಪ ಸುರಿದಳು. ನನ್ನ ತಟ್ಟೆಯ ಕಡೆ ನೋಡಲಿಲ್ಲ. ಕೈ ತೊಳೆದು ಬಂದವನೇ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿ ತಮ್ಮನ ಮುಂದೆ ಹಿಡಿದೆ. ಅವನಿಗೆ ಕೇಡಾಗಲಿ ಎಂದಲ್ಲ. ನರಸೀಪುರದ ಸಾಹುಕಾರನಿಗೆ ಒಂದು ಹತ್ತಿ ನೆನೆಸಿ ಕೊಡಲು ಬರಲಿಲ್ಲ ಎಂದು ಆ ಹುಡುಗಿ ನಗಲಿ, ಅಷ್ಟೇ ನನಗೆ ಬೇಕಿದ್ದದ್ದು. ಅವನು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಆಮೇಲೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡ.

ಬೆಳಿಗ್ಗೆ ಲ್ಯಾಬಿಗೆ ಕೊಟ್ಟಾಗ ಹತ್ತಿ ಕೆಂಪಾಗಿತ್ತು. ಹುಡುಗಿ ನಗಲಿಲ್ಲ, ಇದು ನಡೆಯುವುದಿಲ್ಲ, ಇನ್ನೊಂದು ಕೊಡಿ ಎಂದಳು. ವ್ಯಾಪಾರದ ಕಾಲ, ಆಮೇಲೆ ಬರುತ್ತೇನೆ ಎಂದು ಅವನು ಬಸ್ಸು ಹತ್ತಿದ. ಬರಲೇ ಇಲ್ಲ. ಒಂದು ದಿನ ಅಂಗಡಿಯಲ್ಲಿ ಮೋಟರು ಎತ್ತಲು ಬಗ್ಗಿದವನ ಬೆನ್ನುಮೂಳೆ ಮುರಿಯಿತು. ಆ ಹಾರ್ಮೋನು ಹೊರಗೆ ಮುಖ ಊದಿಸಿ, ಒಳಗಿಂದ ಮೂಳೆಯನ್ನು ಸವೆಸಿತ್ತು. ಆಸ್ಪತ್ರೆಯಲ್ಲಿ ಮತ್ತೆ ಜೊಲ್ಲು ಪರೀಕ್ಷಿಸಿದಾಗ ಕಾಯಿಲೆ ಗೊತ್ತಾಯಿತು. ಅದನ್ನು ಹೆಚ್ಚಿಸುತ್ತಿದ್ದ ಮಿದುಳಿನ ಬುಡದ ಗಂಟನ್ನು ಮೂಗಿನ ಮೂಲಕ ತೆಗೆದರು.

ಈಗ ಅವನ ಊತವೆಲ್ಲ ಇಳಿದಿದೆ. ನನ್ನದೇ ಬತ್ತಿದ ಕೆನ್ನೆ, ನಮ್ಮಪ್ಪನ ಮುಖ. ಆದರೆ ಬೆನ್ನು ಬಾಗಿದ್ದು ನೆಟ್ಟಗಾಗಲಿಲ್ಲ.

ಕೊನೆಗೆ ಅವನ ಮನೆಗೇ ಹೋಗಿ ಎಲ್ಲ ಹೇಳಿದೆ. ಅವನು ಸೊಂಟದ ಬೆಲ್ಟು ಸರಿಮಾಡಿಕೊಂಡ.

"ಗೊತ್ತಿತ್ತು ಕಣಣ್ಣ. ಎಲೆಅಡ್ಕೆ ಮುಟ್ಬ್ಯಾಡ ಅಂತ ಮೈಸೂರ್ ಡಾಕ್ಟ್ರೇ ಏಳಿದ್ರು."

"ಮತ್ಯಾಕ್ಲಾ ಹಾಕ್ಕಂಡೆ?"

"ಎಷ್ಟ್ ವರ್ಸ ಆದ್ಮೇಲೆ ಕೈಗ್ ಕೊಟ್ಟೆ ನೀನು. ಬ್ಯಾಡ ಅನ್ನಕಾಯ್ತದಾ?"

ಎಲೆಯ ತಟ್ಟೆಯನ್ನು ನನ್ನ ಕಡೆ ಸರಿಸಿದ. ನಾನು ಮಡಿಸಿ ಕೊಟ್ಟ ಎಲೆಗೆ ಸುಣ್ಣ ಹೆಚ್ಚಾಗಿತ್ತು. ಬಾಯಿ ಸುಟ್ಟಿತು ಎಂದು ನನ್ನನ್ನು ಬೈಯುತ್ತಲೇ ಅವನು ಅಗಿದ. ನನ್ನ ಕೈಯಿಂದ ಏನು ಬಂದರೂ ಹೀಗೆ ತೆಗೆದುಕೊಳ್ಳಬಲ್ಲ ಅವನ ಮನಸ್ಸನ್ನು ಕಂಡು ಅಲ್ಲಿ ಕೂತೇ ನನಗೆ ಮತ್ತೆ ಹೊಟ್ಟೆಕಿಚ್ಚಾಯಿತು.