‘ಹ್ವಾಯ್’ ಎಂದಾಗ ತಿರುಗಿದ ಮುಖ

ಕ್ಯಾಮೆರಾ ಕೊಂಡ ಹೊಸತರಲ್ಲಿ ನನ್ನ ಕೈಗೆ ಸಿಕ್ಕ ಮೊದಲ ಮುಖ ಕೋಟದಲ್ಲಿ ಅಂಗಡಿ ಇಟ್ಟಿರುವ ಗೆಳೆಯನದು. ದಿನವಿಡೀ ಹಲ್ಲು ಕಿರಿಯುವ ಆಸಾಮಿ, ಲೆನ್ಸ್ ಕಂಡದ್ದೇ ಆಧಾರ್ ಕಾರ್ಡಿನ ಫೋಟೋಗೆ ಕೂತವನಂತೆ ಬಿಗಿದುಕೊಂಡ. "ನಗು" ಎಂದರೆ ಮುಖ ಇನ್ನೂ ಕೆಟ್ಟಿತು. ನನಗೆ ಸಿಟ್ಟು ಬಂದು ಸಾಕು ಮಾಡಿದೆ. ಅವನು ಅಂಗಡಿಯೊಳಗೆ ಹೊರಟಾಗ ಏನೋ ನೆನಪಾಗಿ, ನಮ್ಮ ಕಡೆ ಯಾರನ್ನಾದರೂ ಕರೆಯುವ ಹಾಗೆ "ಹ್ವಾಯ್!" ಎಂದು ಕೂಗಿದೆ. "ಎಂತ?" ಎಂದು ತಿರುಗಿದನಲ್ಲ, ನನಗೆ ಬೇಕಾಗಿದ್ದ ಮುಖ ಅದೇ. ಕ್ಲಿಕ್ಕಿಸಿಬಿಟ್ಟೆ.

ಗಂಗೊಳ್ಳಿ ಬಂದರಿನಲ್ಲಿ ಗುರುತಿಲ್ಲದವರ ಮೇಲೂ ಇದೇ ಉಪಾಯ ನಡೆಯಿತು. ಬೈಯಲು ಬಂದವರು ಕೂಡ ತಮ್ಮ ಫೋಟೋ ನೋಡಿ, "ನಂಗೂ ಕಳ್ಸಿ ಮಾರಾಯ್ರೆ" ಎನ್ನುತ್ತಿದ್ದರು.

ಸೋತದ್ದು ನನ್ನದೇ ಮುಖದೆದುರು. ಜಗಲಿಯಲ್ಲಿ ಕ್ಯಾಮೆರಾ ನಿಲ್ಲಿಸಿ, ಟೈಮರ್ ಇಟ್ಟು ಕೂತರೆ ಪ್ರತಿಸಲವೂ ಯಾರ ಮೇಲೋ ದೂರು ಕೊಡಲು ಬಂದವನ ಹಾಗೆ ಕಾಣುತ್ತಿದ್ದೆ. ನನ್ನನ್ನು ನಾನೇ ಕರೆದುಕೊಳ್ಳುವುದು ಹೇಗೆ? ಒಂದು ಬೆಳಿಗ್ಗೆ ಹಾಗೆ ಕೂತಿದ್ದಾಗ ಗೇಟಿನ ಹತ್ತಿರ ಮೀನು ಮಾರುವ ಹೆಂಗಸಿನ ದನಿ ಕೇಳಿತು: "ಹ್ವಾಯ್, ಬಂಗ್ಡಿ ಬೇಕಾ?" ತಿರುಗಿದೆ. ಕ್ಯಾಮೆರಾ ತನ್ನ ಪಾಡಿಗೆ ಕ್ಲಿಕ್ ಎಂದಿತು.

ಸ್ವಲ್ಪ ಮಸುಕು ಬಂದಿದೆ, ಆದರೆ ಅಷ್ಟು ನಗುವ ಫೋಟೋ ನನ್ನದು ಇನ್ನೊಂದಿಲ್ಲ. ನಡೆದದ್ದನ್ನೆಲ್ಲ ಹೇಳಿ ಹೆಮ್ಮೆಯಿಂದ ಹೆಂಡತಿಗೆ ತೋರಿಸಿದೆ. ಅವಳು ಗೋಡೆಯ ಮೇಲಿನ ನಮ್ಮ ಮದುವೆ ಫೋಟೋವನ್ನೊಮ್ಮೆ, ಇದನ್ನೊಮ್ಮೆ ನೋಡಿದಳು.

"ಅಂತೂ ನಂಗಿಂತ ಬಂಗ್ಡಿಯೇ ಚಂದ ಅಲ್ದಾ ನಿಮ್ಗೆ?"