ಹೋಳಿಗೆ ನಿಲ್ಲಿಸಿದ ಭಾನುವಾರ

ಭಾನುವಾರ ಮಧ್ಯಾಹ್ನ ಮೂರು ಗಂಟೆಯಾದರೆ ನಾನು ಕೆರೆ ಏರಿಯ ಮೇಲೆ ಕೂತಿರುತ್ತೇನೆ. ಏರಿಯ ಕೆಳಗೆ ನಮ್ಮೂರ ಫುಟ್‌ಬಾಲ್ ಮೈದಾನ. ನಮ್ಮ ಊರು ದಾಸನಕೊಪ್ಪದಿಂದ ಸ್ವಲ್ಪ ಒಳಗೆ. ಸುಗ್ಗಿ ಮುಗಿದ ಮೇಲೆ ಮಳೆ ಹಿಡಿಯುವ ತನಕ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಟೀಮುಗಳು ಒಬ್ಬರ ಊರಿಗೆ ಒಬ್ಬರು ಹೋಗಿ ಆಡುತ್ತವೆ. ಗಂಡಸರು ಗೆರೆಯ ಪಕ್ಕ ನಿಲ್ಲುತ್ತಾರೆ. ಹೆಂಗಸರು ನಾವು ಏರಿಯ ಮೇಲೆ.

ಆಟದ ಕಾನೂನು ನನಗೆ ಪೂರ್ತಿ ಗೊತ್ತಿಲ್ಲ. ಚೆಂಡು ಅವರ ಬಲೆಯೊಳಗೆ ಹೋಗಬೇಕು, ನಮ್ಮದರೊಳಗೆ ಬರಬಾರದು. ಅಷ್ಟು ತಿಳಿದರೆ ಸಾಕು. ನಾನು ಹೋಗುವುದು ಕೂಗುವುದಕ್ಕೆ. ಮನೆಯಲ್ಲಿ ಸೊಸೆಯ ಮೇಲೆ ಕೂಗಿದರೆ ಜಗಳ, ಎಮ್ಮೆಯ ಮೇಲೆ ಕೂಗಿದರೆ ಹಾಲು ಬಿಡುವುದಿಲ್ಲ. ರೆಫ್ರಿಯ ಮೇಲೆ ಕೂಗಿದರೆ ಯಾರೂ ಏನೂ ಅನ್ನುವುದಿಲ್ಲ. ವಾರಕ್ಕೊಮ್ಮೆ ಹಾಗೆ ಕೂಗಿ ಬಂದರೆ ಉಳಿದ ಆರು ದಿನ ಬಾಯಿ ಮುಚ್ಚಿಕೊಂಡು ಇರಬಹುದು.

ಹೋದ ವರ್ಷ ಈ ಭಾನುವಾರದ ಆಟವೇ ಕೈಬಿಟ್ಟು ಹೋಗುವುದರಲ್ಲಿತ್ತು.

ನಮ್ಮ ಕ್ಲಬ್ಬಿನ ಅಧ್ಯಕ್ಷ ನನ್ನ ಮೈದುನ. ಒಂದು ದಿನ ಬೆಳಿಗ್ಗೆ ಮನೆಗೆ ಬಂದ. ಚಹಾ ಕೊಟ್ಟೆ. ಕುಡಿಯದೆ ಲೋಟ ಹಿಡಿದುಕೊಂಡೇ ಕೂತ.

"ಅತ್ತಿಗಿ, ಟೀಮು ಮಾರಾಕತ್ತೀವಿ" ಅಂದ.

"ಟೀಮೇನು ಹೋರಿ ಏನೋ, ಮಾರಾಕ?"

ಆಮೇಲೆ ವಿಷಯ ಬಿಚ್ಚಿದ. ಹುಡುಗರ ಅಂಗಿಯ ಬೆನ್ನಿಗೆ ತನ್ನ ಅಂಗಡಿಯ ಹೆಸರು ಹಾಕಿಸಿ ದುಡ್ಡು ಕೊಡುತ್ತಿದ್ದ ಅನಾನಸ್ ವ್ಯಾಪಾರಿ ಆ ವರ್ಷ ಕೊಡುವುದಿಲ್ಲ ಅಂದಿದ್ದ. ಕೈಯಲ್ಲಿ ಕಾಸಿಲ್ಲ, ಮೇಲೆ ಸಾಲ. ಶಿರಸಿಯಲ್ಲಿ ಬೈಕ್ ಷೋರೂಮ್ ಇಟ್ಟವರೊಬ್ಬರು ಸಾಲ ತೀರಿಸಿ ಟೀಮು ತೆಗೆದುಕೊಳ್ಳುತ್ತಾರಂತೆ. ಹೆಸರು ಷೋರೂಮಿನದು, ಅಂಗಿ ಕೆಂಪು, ಆಟ ಶಿರಸಿಯಲ್ಲಿ. ಬರುವ ಭಾನುವಾರ ಸಿದ್ದಾಪುರ ಕಡೆಯ ಮನ್ಮನೆ ಟೀಮಿನ ಜೊತೆ ನಮ್ಮ ಆಟ. ಅದು ಮುಗಿದ ಮೇಲೆ ಸಹಿ.

"ನೀವು ಶಿರಸಿಗೇ ಬಂದು ನೋಡ್ರಿ. ಹೆಂಗಸ್ರಿಗೆ ಬಸ್ಸು ಪುಕ್ಕಟೆ ಐತಲ್ಲ" ಅಂದ.

"ಬಸ್ಸು ಪುಕ್ಕಟೆ. ಸಂಜಿ ಹಾಲು ಕರಿಯಾಕ ಯಾರು, ಕಂಡಕ್ಟರ್ ಬರ್ತಾನೇನು?"

ಅವನು ನಗಲಿಲ್ಲ. ಚಹಾದ ಲೋಟ ಹಾಗೇ ಕೆಳಗಿಟ್ಟು ಎದ್ದು ಹೋದ.

ಅವತ್ತು ಸಂಜೆ ಶಾಲೆಯ ಜಗುಲಿಯಲ್ಲಿ ಕ್ಲಬ್ಬಿನವರ ಮೀಟಿಂಗು. ಹೆಂಗಸರನ್ನು ಯಾರೂ ಕರೆಯುವುದಿಲ್ಲ. ನಾನು ಪಕ್ಕದ ಮನೆಯ ಗೆಳತಿಯನ್ನು ಎಬ್ಬಿಸಿಕೊಂಡು ಹೋದೆ. ಅವಳು ನನಗಿಂತ ದೊಡ್ಡವಳು, ಬಾಯಿಯೂ ನನಗಿಂತ ದೊಡ್ಡದು. ಇಬ್ಬರೂ ಮೆಟ್ಟಿಲ ಮೇಲೆ ಕೂತೆವು. ಏಳಿ ಅನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಮೈದುನ ಖರ್ಚಿನ ಪಟ್ಟಿ ಓದಿದ. ಓದಲು ನನಗೆ ಬರುವುದು ಅಷ್ಟಕ್ಕಷ್ಟೇ, ಕೇಳಲು ಚೆನ್ನಾಗಿ ಬರುತ್ತದೆ. ಚೆಂಡು ಅಂದ, ಅಡುಗೆ ಅಂದ. ಬೂಟು ಅಂದ, ಅಡುಗೆ ಅಂದ. ವ್ಯಾನು, ಅಡುಗೆ. ಬಲೆ, ಅಡುಗೆ.

"ನಿಲ್ಲಪಾ. ಟೀಮಿಗೆ ಲಗ್ನ ಮಾಡಾಕತ್ತೀರೇನು, ಇಷ್ಟು ಅಡುಗಿ ಎದಕ್ಕ?" ಅಂದೆ.

ಎದಕ್ಕೆ ಅಂತ ಎಲ್ಲರಿಗೂ ಗೊತ್ತಿತ್ತು. ಬಂದ ಟೀಮಿಗೆ ಊಟ ಹಾಕದೆ ಕಳಿಸುವುದು ನಮ್ಮಲ್ಲಿಲ್ಲ. ಮೊದಲು ಉಪ್ಪಿಟ್ಟು ಇತ್ತು. ಯಲ್ಲಾಪುರ ಕಡೆಯ ಅರಬೈಲಿಗೆ ಆಡಲು ಹೋದಾಗ ಅವರು ಪಾಯಸ ಬಡಿಸಿದರು. ಅವರು ಇಲ್ಲಿಗೆ ಬಂದಾಗ ನಾವು ಹೋಳಿಗೆ ಮಾಡಿಸಿದೆವು. ಮನ್ಮನೆಯವರು ಜಿಲೇಬಿ ಹಾಕಿದರು. ನಾವು ಹೋಳಿಗೆ ಜೊತೆ ತುಪ್ಪ, ಎರಡು ಪಲ್ಯ, ಬಜಿ. ರುಚಿ ಹತ್ತಿದ ಮೇಲೆ ಬರುವವರೂ ಹೆಚ್ಚಾದರು. ಆಡುವವರು ಹನ್ನೊಂದು ಜನ, ಉಣ್ಣುವವರು ಎರಡು ವ್ಯಾನು. ಅನಾನಸ್ ವ್ಯಾಪಾರಿ ಹೋದ ಅಂತ ನಮ್ಮ ಗಂಡಸರು ತಲೆ ಮೇಲೆ ಕೈ ಹೊತ್ತಿದ್ದರು. ಅವನಿದ್ದಾಗಲೂ ಟೀಮು ಹೋಳಿಗೆಯಲ್ಲಿ ಕರಗುತ್ತಿತ್ತು, ಕಾಣುತ್ತಿರಲಿಲ್ಲ ಅಷ್ಟೆ.

"ಅಡುಗಿ ಒಂದು ಬಿಟ್ರ ಉಳಿದದ್ದು ನಿಮ್ಮ ಕೈಲಿ ಆಕ್ಕತೇನು?" ಅಂತ ಕೇಳಿದೆ.

ಮೈದುನ ಪಟ್ಟಿ ನೋಡಿದ. "ಆಕ್ಕತಿ. ಆದ್ರ ಬಂದೋರಿಗೆ ಉಪವಾಸ ಕಳಸ್ತೀರೇನು?"

"ಉಪವಾಸ ಯಾರು ಅಂದ್ರು? ಮಠದ ದಾಸೋಹಕ್ಕ ಮನಿಗೆ ಹತ್ತು ರೊಟ್ಟಿ ಕೊಡ್ತೀವಿಲ್ಲ? ಹಂಗ ಕೊಡ್ತೀವಿ. ರೊಟ್ಟಿ, ಪಲ್ಯ, ಚಟ್ನಿ, ಮಜ್ಜಿಗಿ. ಹೊಟ್ಟಿ ತುಂಬತೈತಿ."

"ಕೂಡಿಸಿದ ರೊಟ್ಟಿ ಹಾಕೂದು? ಮನ್ಮನಿಯವ್ರು ನಗ್ತಾರ, ಅತ್ತಿಗಿ. ಊರಿನ ಮರ್ಯಾದಿ..."

ಗೆಳತಿಗೆ ತಡೆಯಲಿಲ್ಲ. "ಸ್ವಾಮ್ಯಾರು ಉಂಡ್ರ ಮರ್ಯಾದಿ ಹೋಗಂಗಿಲ್ಲ, ಚೆಂಡು ಒದಿಯೋರು ಉಂಡ್ರ ಹೊಕ್ಕತೇನೋ? ಟೀಮು ಮಾರಿ ಮರ್ಯಾದಿ ಉಳಿಸ್ತೀರಿ, ಭಾಳ ಶಾಣ್ಯಾರದೀರಿ!"

ಜಗುಲಿಯ ಮೇಲೆ ಯಾರೋ ಕೆಮ್ಮಿದರು. ಕೊನೆಗೆ ಮೈದುನ ಹೇಳಿದ: ಈ ಭಾನುವಾರ ಒಂದು ಸಲ ನೋಡೋಣ. ಮನ್ಮನೆಯವರು ಬೇಜಾರು ಮಾಡಿಕೊಂಡು ಎದ್ದರೆ ಸಹಿ ಹಾಕುವುದು.

ಅಲ್ಲಿಂದ ಮೂರು ದಿನ ನನಗೆ ಕೆಲಸ. ಮನೆಮನೆಗೆ ಹೋದೆ. ಕೆಲವರು ಹೂಂ ಅಂದರು, ಕೆಲವರು ಮುಖ ತಿರುಗಿಸಿದರು. ಒಬ್ಬಳು, "ನನ್ನ ಗಂಡ ಆಡ್ತಾನೇನು?" ಅಂದಳು. "ಆಡಂಗಿಲ್ಲ, ಬರೇ ಉಣ್ತಾನ. ಅದಕ್ಕ ನೀನು ಇಪ್ಪತ್ತು ಕೊಡು" ಅಂದೆ. ಕೊಟ್ಟಳು.

ಭಾನುವಾರ ಆಟ ಸೋತೆವು. ಒಂದಕ್ಕೆ ಎರಡು. ಎರಡನೆಯ ಗೋಲು ನಮ್ಮವನ ಕಾಲಿಗೇ ತಗುಲಿ ನಮ್ಮ ಬಲೆಯೊಳಗೆ ಹೋಯಿತು. ಅವನಿಗೆ ನಾನು ಏನು ಅಂದೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಆದರೆ ನಿಜ ಹೇಳಬೇಕೆಂದರೆ ಅವತ್ತು ಆಟದ ಕಡೆಗೆ ನನ್ನ ಗಮನ ಅರ್ಧವೇ ಇತ್ತು. ಶಾಲೆಯ ಮುಂದೆ ಬಿಳಿ ಕಾರು ಬಂದು ನಿಂತಿತ್ತು. ಷೋರೂಮಿನವರು.

ಶಾಲೆಯ ಅಂಗಳದಲ್ಲಿ ಪಂಕ್ತಿ ಕೂತಿತು. ನಾವೇ ಬಡಿಸಿದೆವು. ಬುಟ್ಟಿಯಲ್ಲಿ ಎಲ್ಲ ಮನೆಯ ರೊಟ್ಟಿಗಳು ಬೆರೆತಿದ್ದವು, ಒಂದು ದಪ್ಪ, ಒಂದು ಕರಕಲು, ಒಂದು ಬಟ್ಟೆಯಂಥದು. ಮೈದುನ ಕಂಬದ ಹಿಂದೆ ನಿಂತಿದ್ದ. ಮನ್ಮನೆ ಕ್ಲಬ್ಬಿನ ಹಿರಿಯರು, ಕನ್ನಡಕದವರು, ಎಲೆಯನ್ನು ಈ ಕೊನೆಯಿಂದ ಆ ಕೊನೆಗೆ ನೋಡಿದರು.

"ಇವತ್ತು ಹೋಳಿಗೆ ಇಲ್ವಾ?" ಅಂದರು.

ನಾನು ಬುಟ್ಟಿ ಕೆಳಗಿಟ್ಟೆ.

"ಇಲ್ರೀ. ಹೋಳಿಗಿ ಮಾಡಿ ಮಾಡಿ ಟೀಮು ಮಾರೂ ಹೊತ್ತು ಬಂತು. ಇನ್ನ ಮ್ಯಾಲೆ ಇಷ್ಟೇ. ಉಣ್ಣೂದಿದ್ರ ಉಣ್ರಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನಗುತ್ತಿದ್ದರು.

"ಅಬ್ಬ! ಬದುಕಿದ್ವಿ ಮಾರಾಯ್ರೆ! ಮುಂದಿನ ತಿಂಗಳು ನೀವು ನಮ್ಮಲ್ಲಿಗೆ ಬರ್ತೀರಲ್ಲ, ನಿಮ್ಮ ಹೋಳಿಗೆ ಎದುರು ಎಂತ ಮಾಡೋದು ಅಂತ ಎರಡು ಮೀಟಿಂಗು ಮಾಡಿದ್ದೇವೆ. ನಮ್ಮಲ್ಲೂ ದುಡ್ಡಿಲ್ಲ. ಮೊದಲು ನೀವೇ ನಿಲ್ಲಿಸ್ಲಿ ಅಂತ ನಾವು ಕಾಯ್ತಾ ಇದ್ದದ್ದು."

"ನಾವೂ ನಿಮ್ಮನ್ನ ಕಾಯಾಕತ್ತಿದ್ವಿ" ಅಂತ ಮೈದುನ ಕಂಬದ ಹಿಂದಿನಿಂದ ಹೊರಗೆ ಬಂದ.

"ಹಾಗಾದರೆ ನಮ್ಮಲ್ಲಿ ಅವಲಕ್ಕಿ. ನಗಬಾರದು ಮತ್ತೆ."

ಅಂಗಳವೆಲ್ಲ ನಕ್ಕಿತು. ಎಂಥ ಮಂದಿ ನಾವು! ಇಬ್ಬರೂ ಒಬ್ಬರಿಗೊಬ್ಬರು ಬಡಿಸಿ ಬಡಿಸಿ ಮುಳುಗುತ್ತಿದ್ದೆವು, ಬಾಯಿ ಬಿಟ್ಟು ಹೇಳಲು ಇಬ್ಬರಿಗೂ ನಾಚಿಕೆ.

ಷೋರೂಮಿನವರನ್ನೂ ಪಂಕ್ತಿಗೆ ಕೂರಿಸಿದೆವು. ಒಳ್ಳೆಯ ಮನುಷ್ಯ, ನಾಲ್ಕು ರೊಟ್ಟಿ ಉಂಡರು. ಕೈ ತೊಳೆದ ಮೇಲೆ ಕಾಗದ ತೆಗೆದರು. ಮೈದುನ ಕೈ ಮುಗಿದ.

"ಇನ್ನೊಮ್ಮೆ ವಿಚಾರ ಮಾಡ್ರಿ" ಅಂದರು.

"ಮಾಡೀವ್ರಿ. ಟೀಮು ಊರಾಗ ಇರ್ಲಿ."

ಹಳೆಯ ಸಾಲ ಉಳಿದಿತ್ತು. ಅದು ಹೋಳಿಗೆ ಮಾಡಿಕೊಟ್ಟ ಅಡುಗೆಯವನದೇ. ಅವನು ನಮ್ಮೂರವನು, ಅವನ ತಾಯಿ ನನ್ನ ಪಕ್ಕದಲ್ಲೇ ಏರಿಯ ಮೇಲೆ ಕೂರುವವಳು. ಮುಂದಿನ ಸುಗ್ಗಿಯಲ್ಲಿ ನಾವು ಭತ್ತ ಅಳೆದು ತೀರಿಸುವುದಕ್ಕೆ ಒಪ್ಪಿದ. ಒಪ್ಪದಿದ್ದರೆ ಮನೆಯಲ್ಲಿ ಊಟ ಸಿಗುತ್ತಿರಲಿಲ್ಲ. ಈ ವರ್ಷ ಅದೂ ಮುಗಿಯಿತು.

ಅವತ್ತು ಬಿಳಿ ಕಾರು ಹೋದ ಮೇಲೆ ನಾನು ಶಾಲೆಯ ಮೆಟ್ಟಿಲ ಮೇಲೆ ಕೂತೆ. ಮೂರು ದಿನ ತಿರುಗಿ ಕಾಲು ಸೋತಿದೆ ಅಂತ ಗೆಳತಿಗೆ ಹೇಳಿದೆ. ಅವಳು ಉಳಿದ ಒಂದು ರೊಟ್ಟಿ ಮುರಿದು ಅರ್ಧ ಕೊಟ್ಟಳು. ಅವಸರವಿಲ್ಲದೆ ತಿಂದೆ.

ಮೈದುನ ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಇಡುತ್ತ ಬಂದ. "ಅತ್ತಿಗಿ, ಮುಂದಿನ ಸಲ ಮನಿಗೆ ಎಷ್ಟು ರೊಟ್ಟಿ ಹೇಳೂಣು?"

"ರೊಟ್ಟಿ ಚಿಂತಿ ನಮಗಿರ್ಲಿ. ಆ ಎರಡನೇ ಗೋಲಿನ ಹುಡುಗಗ ಯಾವ ಬಲಿ ನಮ್ಮದು ಅಂತ ಮೊದ್ಲ ಹೇಳು" ಅಂದು ಹಾಲು ಕರೆಯಲು ಮನೆಗೆ ಹೊರಟೆ.